ಮಳೆ ಬಂದರೂ ಶನಿವಾರ ಶನಿವಾರವೇ: ಕೊಡಗಿನಲ್ಲಿ ಯುವಜನರ ಜೊತೆ ಕೆಲಸ ಮಾಡುವವರಿಗೊಂದು ಕೈಪಿಡಿ

ಜುಲೈ ತಿಂಗಳ ಒಂದು ಶನಿವಾರ. ರಾತ್ರಿಯೆಲ್ಲ ಸುರಿದು ಬೆಳಗಾಗುವಾಗ ಐದಿಂಚು ದಾಟಿತ್ತು. ನಮ್ಮಲ್ಲಿ ಮಳೆ ಅಳೆಯುವುದು ಇಂಚಿನಲ್ಲೇ, ಮಿಲಿಮೀಟರ್ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಕರೆಂಟ್ ಹೋಗಿ ಎರಡು ದಿನ, ಫೋನ್ ಸತ್ತು ಒಂದು ದಿನ. ಪ್ರತಿ ಶನಿವಾರ ಊರಿನ ಯುವಜನರನ್ನು ಒಂದು ಹಾಲಿನಲ್ಲಿ ಸೇರಿಸುವುದು ನನ್ನ ಕೆಲಸ. ಈ ಮಳೆಗೆ ಯಾರು ಬರುತ್ತಾರೆ ಎಂದುಕೊಂಡು ನಾನು ಮನೆಯಲ್ಲೇ ಉಳಿದೆ. ಮುಂದಿನ ವಾರ ಗೊತ್ತಾಯಿತು: ಇಬ್ಬರು ಹುಡುಗರು, ಒಬ್ಬಳು ಹುಡುಗಿ ತೋಟದ ಕೂಲಿಯವರ ಲೈನ್ ಮನೆಯಿಂದ ಎರಡು ಕಿಲೋಮೀಟರ್ ನಡೆದು ಬಂದಿದ್ದರು. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಬೀಗ ಹಾಕಿದ ಹಾಲ್ ಮುಂದೆ ಒಂದು ಗಂಟೆ ನಿಂತು ವಾಪಸ್ ಹೋಗಿದ್ದರು. ತಪ್ಪಾಯಿತು ಅಂದೆ. ಹುಡುಗಿ, "ಪರವಾಗಿಲ್ಲ ಸಾರ್, ಮುಂಚೆ ಬರ್ತಿದ್ದವರೂ ಹಾಗೇ" ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಪ್ರಚಾರದ ಬಗ್ಗೆ: ಪೋಸ್ಟರ್ ಹೇಗಿರಬೇಕು, ಪೇಪರಿನಲ್ಲಿ ಬರುವಂತೆ ಮಾಡುವುದು ಹೇಗೆ, ಇನ್‌ಸ್ಟಾಗ್ರಾಂ ಪೇಜ್ ಬೇಕಾ ಎಂದು. ನಾನು ಆ ಮಾತನ್ನು ಏಳನೇ ಹೆಜ್ಜೆಗೆ ತಳ್ಳಿದ್ದೇನೆ. ಕಾರಣವಿದೆ. ಕೊಡಗು ಸಣ್ಣ ಜಿಲ್ಲೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಗೆ ಐದೂವರೆ ಲಕ್ಷ ಜನ, ಬೆಂಗಳೂರಿನ ಒಂದು ಮೂಲೆಗೂ ಸಾಲದಷ್ಟು. ನೀವು ಬೀಗ ತೆರೆಯದ ಸುದ್ದಿ ಪೋಸ್ಟರಿಗಿಂತ ಮೊದಲು ಊರು ತಲುಪಿರುತ್ತದೆ.

ಹೆಜ್ಜೆ 1: ಒಂದು ತಿಂಗಳು ಸುಮ್ಮನೆ ನಡೆಯಿರಿ

ಮೊದಲ ತಿಂಗಳು ಯಾವ ಕಾರ್ಯಕ್ರಮವನ್ನೂ ಮಾಡಬೇಡಿ. ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಕೊಡೆ ಸಾಕು. ಹುಡುಗರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ. ಬಸ್ ಸ್ಟ್ಯಾಂಡ್, ಶಾಲೆ ಮೈದಾನ, ಮೊಬೈಲ್ ಅಂಗಡಿ ಎಲ್ಲ ಊರಿನಲ್ಲೂ ಇವೆ. ನಮ್ಮಲ್ಲಿ ಇನ್ನೊಂದು ಜಾಗ ಉಂಟು: ಸಿಗ್ನಲ್ ಸಿಗುವ ತಿರುವು. ಊರಿಗೊಂದು ಅಂಥ ತಿರುವು ಇದ್ದೇ ಇರುತ್ತದೆ. ಸಂಜೆ ನಾಲ್ಕೂವರೆಗೆ ಹೋದರೆ ಏಳೆಂಟು ಬೈಕು, ಎಲ್ಲರೂ ಫೋನಿಗೆ ತಲೆ ಬಗ್ಗಿಸಿ ನಿಂತಿರುತ್ತಾರೆ. ನನ್ನ ಮೊದಲ ಗುಂಪು ಸಿಕ್ಕಿದ್ದು ಅಲ್ಲೇ.

ರಾಷ್ಟ್ರೀಯ ಯುವ ನೀತಿ 2014ರ ಪ್ರಕಾರ 15ರಿಂದ 29 ವರ್ಷದವರು ಯುವಜನರು. ಕಾಗದದ ಮೇಲೆ ಒಂದೇ ಗುಂಪು. ಊರಿಗಿಳಿದರೆ ಹಲವು. ಪಿಯುಸಿ ಓದುತ್ತಾ ಹಾಸ್ಟೆಲಿನಲ್ಲಿರುವವರು; ಓದು ಬಿಟ್ಟು ತೋಟದ ಕೆಲಸಕ್ಕೆ ಹೋಗುವವರು; ಹೋಂಸ್ಟೇಗಳಲ್ಲಿ ರೂಮ್ ನೋಡಿಕೊಳ್ಳುವವರು, ಜೀಪ್ ಓಡಿಸುವವರು; ಜೇನುಕುರುಬ, ಬೆಟ್ಟಕುರುಬ, ಯರವ ಬುಡಕಟ್ಟುಗಳ ಹಾಡಿಗಳ, ಅಂದರೆ ಕಾಡಂಚಿನ ಕೇರಿಗಳ, ಮಕ್ಕಳು; ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದ ಕುಟುಂಬಗಳ ಹದಿಹರೆಯದವರು. ಇವರಲ್ಲಿ ಕೊನೆಯವರನ್ನು ಯಾರ ಪಟ್ಟಿಯಲ್ಲೂ ನಾನು ನೋಡಿಲ್ಲ. ಬೆಂಗಳೂರು ಸೇರಿ ಹಬ್ಬಕ್ಕೆ ಮಾತ್ರ ಬರುವವರು ಮತ್ತೊಂದು ಗುಂಪು. ನೋಟ್‌ಬುಕ್ಕಿನಲ್ಲಿ ಪ್ರತಿ ಗುಂಪಿಗೆ ಒಂದೊಂದು ಪುಟ ಬಿಡಿ. ಮನೆಯಲ್ಲಿ ಯಾವ ಮಾತು, ಯಾವ ದಿನ ಬಿಡುವು, ಯಾರ ಮಾತಿಗೆ ಬೆಲೆ, ಇಷ್ಟು ಬರೆದುಕೊಳ್ಳಿ. ಒಂದೇ ಪಂಚಾಯಿತಿಯೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಮಾತು, ಹಿಂದಿ ಎಲ್ಲ ಕೇಳಿಸುತ್ತವೆ. ಕನ್ನಡ ಎಲ್ಲರಿಗೂ ನಡುಮನೆ, ಆದರೆ ಎಲ್ಲರ ಅಡುಗೆಮನೆ ಅಲ್ಲ.

ಹುಡುಗಿಯರು ಈ ತಿರುಗಾಟದಲ್ಲಿ ನಿಮಗೆ ಸಿಗುವುದಿಲ್ಲ. ಅವರು ತಿರುವಿನಲ್ಲಿ ನಿಲ್ಲುವುದಿಲ್ಲ. ಅಂಗನವಾಡಿ ಟೀಚರ್, ಆಶಾ, ಹೊಲಿಗೆ ಕಲಿಸುವ ಅಕ್ಕ, ಈ ಮೂವರನ್ನು ಮಾತಾಡಿಸದೆ ಮೊದಲ ತಿಂಗಳು ಮುಗಿಸಿದರೆ ನಿಮ್ಮ "ಯುವಜನ" ಅಂದರೆ ಬರೀ ಹುಡುಗರು ಎಂದಾಗುತ್ತದೆ. ನನ್ನ ಮೊದಲ ಎರಡು ವರ್ಷ ಹಾಗೇ ಆಗಿತ್ತು.

ಹೆಜ್ಜೆ 2: ತೋಟದ ಕ್ಯಾಲೆಂಡರ್ ನೋಡಿ ದಿನ ಇಡಿ

ಮೇಲಿನಿಂದ ಬರುವ ಯೋಜನೆಗಳಿಗೆ ಏಪ್ರಿಲ್‌ನಿಂದ ಮಾರ್ಚ್ ಒಂದು ವರ್ಷ. ಕೊಡಗಿಗೆ ಹಾಗಲ್ಲ. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆ ತಿಂಗಳುಗಳಲ್ಲಿ ಲೈನ್ ಮನೆಯ ಹುಡುಗ ನಿಮ್ಮ ವ್ಯಕ್ತಿತ್ವ ವಿಕಸನಕ್ಕೆ ಬರುವುದಿಲ್ಲ. ಕೊಯ್ದ ಹಣ್ಣಿಗೆ ಕೆ.ಜಿ. ಲೆಕ್ಕದಲ್ಲಿ ದುಡ್ಡು. ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳುವವರಿಗೆ ಈ ಜಿಲ್ಲೆ ಅರ್ಥವಾಗಿಲ್ಲ.

ಆದರೆ ಈ ಕಾಲದಲ್ಲೇ ಕಣ್ಣು ತೆರೆದಿರಬೇಕಾದ ವಿಷಯ ಒಂದಿದೆ. ಅಪ್ಪ ಅಮ್ಮನ ಜೊತೆ ಸಣ್ಣ ಮಕ್ಕಳೂ ತೋಟಕ್ಕೆ ಹೋಗಿ ಉದುರಿದ ಹಣ್ಣು ಆಯಲು ಶುರುಮಾಡುತ್ತಾರೆ, ಶಾಲೆ ಹಾಜರಿ ಇಳಿಯುತ್ತದೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ; ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಇದನ್ನು ಸ್ಪಷ್ಟಮಾಡಿದೆ. ನೇರ ಜಗಳಕ್ಕೆ ಹೋಗುವ ಮೊದಲು ಶಾಲೆಯ ಮೇಷ್ಟ್ರ ಜೊತೆ ಕೂತು ಯಾರ್‍ಯಾರು ಎಷ್ಟು ದಿನದಿಂದ ಬಂದಿಲ್ಲ ಎಂದು ನೋಡಿ. ಅರ್ಧ ಪ್ರಕರಣಗಳು ಮೇಷ್ಟ್ರು ಒಮ್ಮೆ ಮನೆಗೆ ಹೋಗಿ ಬಂದರೆ ಸರಿಹೋಗುತ್ತವೆ.

ಮಾರ್ಚ್‌ನಲ್ಲಿ ಪರೀಕ್ಷೆ. ಏಪ್ರಿಲ್, ಮೇ ಅಂದರೆ ಕೊಡವ ಕುಟುಂಬಗಳ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ತಂಡಗಳಿಂದ ಶುರುಮಾಡಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಕ್ಕೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಒಂದು ಒಕ್ಕದಲ್ಲಿ, ಅಂದರೆ ಒಂದೇ ಮನೆತನದಲ್ಲಿ, ಅಜ್ಜನೂ ಮೊಮ್ಮಗಳೂ ಒಂದೇ ಜರ್ಸಿ ಹಾಕಿ ಆಡುವ ಈ ಹಬ್ಬದ ಎದುರು ನಿಮ್ಮ ಶಿಬಿರ ಇಟ್ಟರೆ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ನಂತರ ಮಡಿಕೇರಿ ದಸರಾ, ಅಕ್ಟೋಬರ್ ನಡುವಿನಲ್ಲಿ ಕಾವೇರಿ ಸಂಕ್ರಮಣ, ವರ್ಷದ ಕೊನೆಗೆ ಹೊಸ ಭತ್ತದ ಹಬ್ಬ ಪುತ್ತರಿ.

ಹಾಗಾದರೆ ಕೆಲಸ ಯಾವಾಗ? ನನ್ನ ಅನುಭವದಲ್ಲಿ ಮಳೆಗಾಲವೇ ನಮ್ಮ ಸುಗ್ಗಿ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ತೋಟದಲ್ಲಿ ಕೆಲಸ ಕಡಿಮೆ, ಮೈದಾನ ಕೆಸರು, ನೆಟ್‌ವರ್ಕ್ ಇಲ್ಲ, ಎಲ್ಲರಿಗೂ ಬೇಜಾರು. ಒಣಗಿದ ನೆಲ, ಒಂದು ಸೋಲಾರ್ ದೀಪ, ಬಿಸಿ ಕಾಫಿ ಇರುವ ಕೋಣೆ ತೆರೆದಿಡಿ. ಬರುತ್ತಾರೆ. ಹೊರಾಂಗಣದ ಕೆಲಸ, ಸೇನಾ ಭರ್ತಿಗೆ 1,600 ಮೀಟರ್ ಓಟದ ತಾಲೀಮು, ಈಜು, ಚಾರಣ ಎಲ್ಲ ಅಕ್ಟೋಬರ್ ನಂತರ.

ಹೆಜ್ಜೆ 3: ಒಂದು ದಿನ, ಒಂದು ಹೊತ್ತು, ಎರಡು ಬೀಗದ ಕೈ

ಇಡೀ ಕೈಪಿಡಿಯಲ್ಲಿ ಇದೊಂದನ್ನು ಮಾಡಿದರೂ ನೀವು ಮುಕ್ಕಾಲು ಪಾಲು ಗೆದ್ದಿರಿ.

ಮೊದಲು ನಾನು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಟ್ಟಿದ್ದೆ. ಚೆನ್ನಾಗಿ ಕಾಣುವ ಸಮಯ, ರಜಾ ದಿನ. ಆದರೆ ನಮ್ಮ ಕಡೆ ಭಾನುವಾರ ಸಂತೆ. ವಾರದ ಸಾಮಾನು ತರುವ ದಿನ ಲೈನ್ ಮನೆಯವರು ಯಾರೂ ಬರಲಿಲ್ಲ. ಕ್ರೈಸ್ತರ ಮಕ್ಕಳು ಇಗರ್ಜಿಗೆ ಹೋಗಿದ್ದರು. ಕೇಳಿ ತಿಳಿಯದೆ ಇಟ್ಟ ಸಮಯ ಅದು. ಆಮೇಲೆ ಶನಿವಾರ ಮಧ್ಯಾಹ್ನ ಮೂರಕ್ಕೆ ಬದಲಿಸಿದೆ. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ, ತೋಟದ ಕೆಲಸದವರು ನಾಲ್ಕೂವರೆಗೆ ಬಂದು ಕೊನೆಯ ಮುಕ್ಕಾಲು ಗಂಟೆ ಸೇರಿಕೊಳ್ಳುತ್ತಾರೆ. ಮುಗಿಸುವುದು ಐದೂಕಾಲಿಗೆ, ಒಂದು ನಿಮಿಷ ಆಚೆಗಿಲ್ಲ. ಕಾರಣ ಆನೆ. ಸಿದ್ದಾಪುರ, ತಿತಿಮತಿ ಕಡೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಹದಿನಾರು ವರ್ಷದ ಹುಡುಗಿಯನ್ನು ನಡೆದು ಹೋಗಲು ಬಿಟ್ಟು ನೀವು "ನಾಯಕತ್ವ ತರಬೇತಿ" ಮುಂದುವರಿಸಿದರೆ ಮುಂದಿನ ವಾರ ಅವಳನ್ನು ಮನೆಯವರು ಕಳಿಸುವುದಿಲ್ಲ. ಕಳಿಸಬಾರದು ಕೂಡ.

ಬೀಗದ ಕೈ ಎರಡು ಮಾಡಿಸಿ. ಒಂದು ನಿಮ್ಮಲ್ಲಿ, ಇನ್ನೊಂದು ಹಾಲಿನ ಹತ್ತಿರವೇ ಮನೆ ಇರುವ ನಂಬಿಕಸ್ಥರಲ್ಲಿ. ನಿಮಗೆ ಜ್ವರ ಬಂದರೂ, ಮರ ಬಿದ್ದು ರಸ್ತೆ ಬಂದ್ ಆದರೂ ಬಾಗಿಲು ತೆರೆಯಬೇಕು. ಆ ಮಳೆಯ ಶನಿವಾರದ ವಿಷಯ ಗೊತ್ತಾದ ಮಾರನೇ ದಿನ ನಾನು ಮಾಡಿದ ಮೊದಲ ಕೆಲಸ ಇದು, ಕುಶಾಲನಗರದ ಬೀಗದ ಅಂಗಡಿಯಲ್ಲಿ.

ಒಂದು ಹಾಜರಿ ಪುಸ್ತಕ ಇಡಿ, ಆದರೆ ಮಕ್ಕಳ ಹೆಸರಿಗೆ ಮೊದಲು ನಿಮ್ಮ ಹೆಸರು ಬರೆದು ಸಹಿ ಮಾಡಿ, ಬಂದ ಹೊತ್ತು ಹಾಕಿ. ಮಕ್ಕಳು ಅದನ್ನು ನೋಡುತ್ತಾರೆ. ಒಬ್ಬ ಹುಡುಗ ಒಂದು ದಿನ ಪುಟ ತಿರುವಿ, "ಸಾರ್ ಮೂರು ಐದು ಅಂತ ಬರ್ದಿದ್ದೀರ, ಐದು ನಿಮಿಷ ಲೇಟು" ಅಂದ. ಅವತ್ತು ನನಗೆ ಸಂಬಳ ಹೆಚ್ಚಾದಷ್ಟು ಖುಷಿ.

ಎಲ್ಲರೂ ಹೋದ ಮೇಲೆ ಇಪ್ಪತ್ತು ನಿಮಿಷ ಕೂತು ಬರೆಯಿರಿ: ಯಾರು ಬರಲಿಲ್ಲ, ಯಾರು ಸುಮ್ಮನಿದ್ದರು, ಯಾರಿಗೆ ಏನು ಮಾತು ಕೊಟ್ಟಿರಿ. ಮೂರನೆಯದನ್ನು ಕೆಂಪು ಪೆನ್ನಿನಲ್ಲಿ. "ನೋಡೋಣ ಕಣೋ" ಎಂದು ನಾವು ಬಾಯಿತಪ್ಪಿ ಹೇಳಿದ್ದು ಅವರಿಗೆ ಭಾಷೆ ಕೊಟ್ಟಂತೆ. ಆಗದಿದ್ದರೆ ಆಗಲಿಲ್ಲ ಎಂದು ಹೋಗಿ ಹೇಳಿ, ತಲೆ ತಪ್ಪಿಸಿಕೊಂಡು ತಿರುಗಬೇಡಿ.

ಹೆಜ್ಜೆ 4: ನಿಮ್ಮ ಬೇಲಿ ನೀವೇ ಹಾಕಿಕೊಳ್ಳಿ

ಬದ್ಧತೆ ಅಂದರೆ ಇಪ್ಪತ್ತನಾಲ್ಕು ಗಂಟೆ ಫೋನ್ ಎತ್ತುವುದು ಎಂದು ಹೊಸಬರು ತಿಳಿದಿರುತ್ತಾರೆ. ಎರಡು ವರ್ಷ ಹಾಗೆ ಓಡಿ ಮೂರನೇ ವರ್ಷ ಕೆಲಸ ಬಿಟ್ಟು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಹೊತ್ತು ಹಾಕಿಕೊಳ್ಳಿ. ರಾತ್ರಿ ಎಂಟರ ಮೇಲೆ ಜೀವಕ್ಕೆ ಸಂಬಂಧಪಟ್ಟದ್ದು ಮಾತ್ರ, ಉಳಿದದ್ದು ಬೆಳಿಗ್ಗೆ. ಇದನ್ನು ಗುಂಪಿನ ಮುಂದೆ ಒಮ್ಮೆ ಹೇಳಿಬಿಡಿ.

ಸಾಲ ಕೊಡಬೇಡಿ. ಬಸ್ ಚಾರ್ಜಿಗೆ ಇಪ್ಪತ್ತು ರೂಪಾಯಿ ಬೇರೆ ಮಾತು. ಸಾವಿರ ರೂಪಾಯಿ ಕೊಟ್ಟರೆ ದುಡ್ಡೂ ಹೋಗುತ್ತದೆ, ವಾಪಸ್ ಕೊಡಲಾಗದ ನಾಚಿಕೆಗೆ ಹುಡುಗನೂ ಹೋಗುತ್ತಾನೆ. ಅವರ ಜೊತೆ ಕುಡಿಯಬೇಡಿ. ಮದುವೆ, ನಾಮಕರಣ ಎಲ್ಲದರಲ್ಲೂ ಗ್ಲಾಸ್ ಕೈಗೆ ಬರುವ ನಾಡಿನಲ್ಲಿ ಇದು ಸುಲಭವಲ್ಲ, ಗೊತ್ತು. "ಇವತ್ತು ಗಾಡಿ ಓಡಿಸಬೇಕು" ಎನ್ನುವುದು ಎಲ್ಲ ಕಡೆ ನಡೆಯುತ್ತದೆ. ಚುನಾವಣೆ ಹತ್ತಿರ ಬಂದಾಗ ನಿಮ್ಮ ಗುಂಪನ್ನು ಯಾರ ಮೆರವಣಿಗೆಗೂ ಕರೆದೊಯ್ಯಬೇಡಿ, ನಿಮ್ಮದೇ ಒಲವಿನ ಪಕ್ಷವಾದರೂ ಸರಿ.

ನಿಮ್ಮ ಕೈಯಲ್ಲಿ ಆಗದ್ದನ್ನು ಆಗುವವರಿಗೆ ದಾಟಿಸುವುದೂ ಕೆಲಸವೇ. ಮನಸ್ಸು ಕುಗ್ಗಿದ ಹುಡುಗನಿಗೆ ನೀವೇ ವೈದ್ಯರಾಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅವನ ಪಕ್ಕ ಕೂತು ನಿಮ್ಮ ಫೋನಿನಿಂದಲೇ ಹಚ್ಚಿಕೊಡಿ. ನಂಬರ್ ಬರೆದುಕೊಟ್ಟ ಚೀಟಿ ಜೇಬಿನಲ್ಲೇ ಒದ್ದೆಯಾಗುತ್ತದೆ.

ಹೆಜ್ಜೆ 5: ಹದಿನೆಂಟು ತುಂಬದವರ ವಿಷಯ

ನಿಮ್ಮ ಹಾಲಿನಲ್ಲಿ ಕೂತವರಲ್ಲಿ ಹದಿನೈದರಿಂದ ಹದಿನೆಂಟರವರು ಕಾನೂನಿನ ಕಣ್ಣಿಗೆ ಮಕ್ಕಳು. ಇಪ್ಪತ್ತೈದರ ಹುಡುಗನಿಗೂ ಹದಿನಾರರ ಹುಡುಗಿಗೂ ಒಂದೇ ಚಾಪೆ ಹಾಸುವ ಮೊದಲು ಇದು ನೆನಪಿರಲಿ.

ಬಾಗಿಲು ತೆರೆದೇ ಇರಲಿ, ಇಬ್ಬರು ದೊಡ್ಡವರು ಇರಲಿ, ಅದರಲ್ಲಿ ಒಬ್ಬರು ಹೆಂಗಸರು. ಹೊರಗೆ ಕರೆದೊಯ್ಯುವಾಗ ಮನೆಯವರ ಒಪ್ಪಿಗೆ ಕಾಗದದಲ್ಲಿ. ಓದಲು ಬಾರದವರ ಮನೆಗೆ ಹೋಗಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಕೂಲಿಯವರನ್ನು ತುಂಬುವ ಹಾಗೆ ಪಿಕಪ್ ಹಿಂದೆ ಮಕ್ಕಳನ್ನು ತುಂಬಿಸಬೇಡಿ. "ಎಲ್ಲರೂ ಹಾಗೇ ಹೋಗ್ತಾರಲ್ಲ ಸಾರ್" ಎನ್ನುತ್ತಾರೆ. ಹೋಗಲಿ, ನಿಮ್ಮ ಹೆಸರಿನಲ್ಲಿ ಬೇಡ.

ಇನ್ನು ಕಷ್ಟದ ಭಾಗ. ಒಂದು ಮಗು ನಿಮ್ಮ ಹತ್ತಿರ ಬಂದು "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅನ್ನುತ್ತದೆ. ಆಣೆ ಮಾಡಬೇಡಿ. "ನಿನಗೆ ಒಳ್ಳೆಯದಾಗಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೇನೆ, ನಿನಗೆ ತಿಳಿಸಿಯೇ ಹೇಳ್ತೇನೆ" ಅನ್ನಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ತಿಳಿಸದಿದ್ದರೆ ನಿಮ್ಮ ಮೇಲೆಯೇ ಕೇಸು. ಊರ ಹಿರಿಯರು ಕೂತು ಪಂಚಾಯ್ತಿ ಮಾಡಿ ಮುಗಿಸೋಣ ಎನ್ನುವ ಮಾತು ಬಂದೇ ಬರುತ್ತದೆ, ನಿಮಗೆ ತುಂಬಾ ಬೇಕಾದವರ ಬಾಯಿಂದಲೇ ಬರುತ್ತದೆ. ಒಪ್ಪಬೇಡಿ. ನೀವೇ ವಿಚಾರಣೆಗೆ ಕೂರಬೇಡಿ, ನಾಲ್ಕು ಸಲ ಅದೇ ಕಥೆ ಹೇಳಿಸಬೇಡಿ. ಮಕ್ಕಳ ಸಹಾಯವಾಣಿ 1098. ಬಾಲ್ಯವಿವಾಹದ ಸುದ್ದಿ ಬಂದರೂ ಅದೇ ನಂಬರ್: ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಮಾಡಿದ್ದೆಲ್ಲ ದಿನಾಂಕ, ಗಂಟೆ ಸಮೇತ ಬೇರೆ ಪುಸ್ತಕದಲ್ಲಿ ಬರೆದು ಬೀಗದೊಳಗೆ ಇಡಿ.

ಹೆಜ್ಜೆ 6: ಮೆಟ್ಟಿಲು ಹತ್ತುವ ಕೆಲಸ

ಕೊಡಗಿನಲ್ಲಿ ಯುವಜನರ ದಾರಿ ಹಿರಿಯರ ಜಗಲಿ ಮೇಲೇ ಹಾದು ಹೋಗುತ್ತದೆ. ಪಂಚಾಯಿತಿ ಅಧ್ಯಕ್ಷರು, ಪಿಡಿಒ ಸರಿ. ಅವರಲ್ಲದೆ ಊರಿನ ಮುಖ್ಯಸ್ಥರಾದ ಊರುತಕ್ಕರು, ಕೊಡವ ಸಮಾಜ, ಗೌಡ ಸಮಾಜದವರು, ಮಸೀದಿ ಜಮಾಅತ್, ಚರ್ಚಿನ ಫಾದರ್, ಹಾಡಿಯ ಯಜಮಾನರು, ಅರಣ್ಯ ಹಕ್ಕು ಸಮಿತಿಯವರು. ಎಲ್ಲರ ಮನೆಗೂ ನೀವೇ ಹೋಗಿ, ಕಾಗದ ಕಳಿಸಬೇಡಿ. ಐನ್‌ಮನೆಗೆ, ಅಂದರೆ ಕೊಡವ ಕುಟುಂಬದ ಮೂಲಮನೆಗೆ, ಹೋದರೆ ಚಪ್ಪಲಿ ಕೆಳಗೆ ಬಿಟ್ಟು, ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ ಕೈಮುಗಿದು ಕೂತುಕೊಳ್ಳಿ. ಬಂದ ವಿಷಯ ಮೊದಲ ಹತ್ತು ನಿಮಿಷ ಎತ್ತಬೇಡಿ. ಮಳೆ ಎಷ್ಟಿಂಚು, ಕರಿಮೆಣಸಿಗೆ ರೇಟ್ ಎಷ್ಟು, ಮಗ ಎಲ್ಲಿ ಪೋಸ್ಟಿಂಗ್ ಎಂದು ಮಾತಾಡಿ.

ತೋಟದ ಲೈನ್ ಮನೆಗೆ ನೇರ ನುಗ್ಗಬೇಡಿ. ತೋಟದ ಮಾಲೀಕ ಸಾವ್ಕಾರ್ರ ಹತ್ತಿರ ಒಂದು ಮಾತು, ಕೆಲಸದವರನ್ನು ನೋಡಿಕೊಳ್ಳುವ ರೈಟರ ಹತ್ತಿರ ಎರಡು ಮಾತು. ಬಾಗಿಲು ನಿಜವಾಗಿ ತೆರೆಯುವುದು ರೈಟರು. ಒಬ್ಬ ಸಾವ್ಕಾರ್ರು ನನ್ನನ್ನು ಕೂರಿಸಿ ಕಾಫಿ ಕೊಟ್ಟು, "ನೀವು ನಮ್ಮ ಹುಡುಗರ ತಲೆ ಕೆಡಿಸಿ ಬೆಂಗಳೂರಿಗೆ ಓಡಿಸಿದ್ರೆ ನನ್ನ ಕಾಫಿ ಯಾರು ಕೊಯ್ತಾರೆ?" ಎಂದು ನೇರವಾಗಿ ಕೇಳಿದರು. ಸುಳ್ಳು ಹೇಳಲಿಲ್ಲ. "ಕೆಲವರು ಹೋಗಬಹುದು ಸಾರ್. ಉಳಿದವರು ಕುಡಿಯೋದು ಕಡಿಮೆ ಮಾಡಬಹುದು" ಅಂದೆ. ನಕ್ಕರು. ಹಳೆಯ ಗೋದಾಮಿನ ಒಂದು ಮೂಲೆ ಬಿಟ್ಟುಕೊಟ್ಟರು.

ಹಾಡಿಗೆ ಕ್ಯಾಮೆರಾ ಒಯ್ಯಬೇಡಿ, ಮೊದಲ ನಾಲ್ಕು ಸಲವಂತೂ ಬೇಡವೇ ಬೇಡ. ಅಲ್ಲಿಯವರು ಎಷ್ಟೋ ಸಂಸ್ಥೆಗಳ ಬ್ಯಾನರ್ ಹಿಂದೆ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ, ಫೋಟೊ ಎಲ್ಲಿ ಹೋಯಿತೆಂದು ಅವರಿಗೆ ತಿಳಿದಿಲ್ಲ.

ಹೆಜ್ಜೆ 7: ಈಗ ಊರಿಗೆ ಹೇಳಿ

ಇಷ್ಟಾದ ಮೇಲೆ ಪ್ರಚಾರ. ನಾನು ಮೊದಲ ವರ್ಷ ಅಚ್ಚು ಹಾಕಿಸಿದ ಪೋಸ್ಟರ್ ಹೀಗಿತ್ತು: "ಯುವ ಸಬಲೀಕರಣ ಹಾಗೂ ವ್ಯಕ್ತಿತ್ವ ವಿಕಸನ ಕಾರ್ಯಾಗಾರ. ಸರ್ವರಿಗೂ ಆದರದ ಸ್ವಾಗತ." ಕೆಳಗೆ ಆರು ಗಣ್ಯರ ಹೆಸರು. ಬಂದವರು ಆ ಆರು ಗಣ್ಯರಲ್ಲಿ ನಾಲ್ವರು, ಅವರ ಡ್ರೈವರ್‌ಗಳು.

ಈಗಿನದು ಕೈಬರಹ, ಎ4 ಹಾಳೆ: "ಶನಿವಾರ ಮಧ್ಯಾಹ್ನ 3ಕ್ಕೆ, ಪಂಚಾಯಿತಿ ಲೈಬ್ರರಿ ಹಿಂದಿನ ಹಾಲ್. ಹದಿನೈದು ದಾಟಿದ ಹುಡುಗರೂ ಹುಡುಗಿಯರೂ ಬನ್ನಿ. ಕ್ಯಾರಂ ಉಂಟು. ಸ್ಕಾಲರ್‌ಶಿಪ್, ಕೆಲಸದ ಅರ್ಜಿ ತುಂಬಲು ಸಹಾಯ ಮಾಡ್ತೇವೆ. ದುಡ್ಡು ಬೇಡ. 5.15ಕ್ಕೆ ಮುಗಿಯುತ್ತದೆ, ಐದೂವರೆ ಬಸ್ ಸಿಗುತ್ತದೆ." ಈ ಕೊನೆಯ ಸಾಲಿಗೆ ಅಮ್ಮಂದಿರು ಒಪ್ಪುತ್ತಾರೆ. ಪೋಸ್ಟರ್ ಓದುವುದು ಮಕ್ಕಳಲ್ಲ, ಅಮ್ಮಂದಿರು ಎಂದು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು.

ಅಂಟಿಸುವ ಜಾಗ: ರೇಷನ್ ಅಂಗಡಿ, ಹಾಲಿನ ಡೇರಿ, ಬಸ್ ಶೆಲ್ಟರ್, ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಲೈಬ್ರರಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸದ ಪೋಸ್ಟರ್ ಮಧ್ಯಾಹ್ನದೊಳಗೆ ಮುದ್ದೆ. ಸಂತೆಯ ದಿನ ಬಿಡಬೇಡಿ. ಶನಿವಾರಸಂತೆಗೆ ಹೆಸರಲ್ಲೇ ದಿನ ಉಂಟು, ಮಡಿಕೇರಿಯದು ಶುಕ್ರವಾರ. ತರಕಾರಿ ಸಾಲಿನ ಕೊನೆಯಲ್ಲಿ ಒಂದು ಮೇಜು ಹಾಕಿ ಕೂತರೆ ಮೂರು ಪೋಸ್ಟರಿಗೆ ಸಿಗದ ಜನ ಸಿಗುತ್ತಾರೆ. ಮೇಜಿನ ಮೇಲೆ ಒಂದು ಉಪಯೋಗದ ಮಾಹಿತಿ ಇರಲಿ. ಕೆಲಸ ಸಿಗದವರಿಗೆ ಸರ್ಕಾರ ಭತ್ಯೆ ಕೊಡುವ ಯುವನಿಧಿ ಬಂದ ಹೊಸದರಲ್ಲಿ ಪದವಿ ಮಾಡಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೆ. ಅದನ್ನು ಕೇಳಲು ನಿಂತವರೇ ಆಮೇಲೆ ತಂಗಿಯನ್ನು ಹಾಲಿಗೆ ಕಳಿಸಿದರು.

ವಾಟ್ಸ್ಯಾಪ್‌ನಲ್ಲಿ ಉದ್ದ ಬರಹ ಯಾರೂ ಓದುವುದಿಲ್ಲ. ಮೂವತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಿ, ನಿಮ್ಮ ಧ್ವನಿಯಲ್ಲಲ್ಲ, ಗುಂಪಿನವರ ಧ್ವನಿಯಲ್ಲಿ. ನಮ್ಮಲ್ಲಿ ಒಬ್ಬಳು ಯರವ ಮಾತಿನಲ್ಲಿ ಹೇಳುತ್ತಾಳೆ, ಒಬ್ಬ ಮಲಯಾಳಂನಲ್ಲಿ, ಒಬ್ಬ ಹಿಂದಿಯಲ್ಲಿ. ತಮ್ಮ ಮಾತು ಫೋನಿನಿಂದ ಬಂದಾಗ ಹಾಡಿಯ ಅಜ್ಜಿಯೊಬ್ಬರು ಮೂರು ಸಲ ಹಾಕಿಸಿ ಕೇಳಿದರಂತೆ.

ಪೇಪರ್, ರೇಡಿಯೊ. ಮಡಿಕೇರಿಯಿಂದ ಬರುವ 'ಶಕ್ತಿ' ದಿನಪತ್ರಿಕೆ 1957ರಿಂದ ನಡೆಯುತ್ತಿದೆ. ಯಾರು ತೀರಿಕೊಂಡರು, ಎಲ್ಲಿ ಎಷ್ಟು ಮಳೆ, ಯಾವ ರಸ್ತೆ ಬಂದ್ ಎಂದು ನೋಡಲು ಜಿಲ್ಲೆ ಅದನ್ನು ಬಿಡಿಸುತ್ತದೆ. ಮಡಿಕೇರಿ ಆಕಾಶವಾಣಿ 103.1 ಎಫ್‌ಎಂ ತೋಟದ ಮೂಲೆಯಲ್ಲೂ ಕೇಳಿಸುತ್ತದೆ, ನೆಟ್‌ವರ್ಕ್ ಬೇಡ. ಎರಡಕ್ಕೂ ಸುದ್ದಿ ಕಳಿಸುವಾಗ ಒಂದು ಪುಟ ಮೀರಬಾರದು. ಮೊದಲ ಸಾಲಿನಲ್ಲೇ ಏನು, ಎಲ್ಲಿ, ಯಾವಾಗ. ಎರಡನೆಯದರಲ್ಲಿ ಯಾರಿಗೆ ಎಂತ ಪ್ರಯೋಜನ. ಕೊನೆಯಲ್ಲಿ ಹಗಲಿನಲ್ಲಿ ಎತ್ತುವ ಒಂದು ಫೋನ್ ನಂಬರ್. ಗಣ್ಯರ ಪಟ್ಟಿ ಇದ್ದರೆ ಮೂರು ಹೆಸರಿಗೆ ನಿಲ್ಲಿಸಿ. ಹದಿನೆಂಟು ಜನ ಬಂದಿದ್ದರೆ ಹದಿನೆಂಟು ಎಂದೇ ಬರೆಯಿರಿ. "ನೂರಾರು ಯುವಕರು ಪಾಲ್ಗೊಂಡರು" ಎಂದು ಬರೆದದ್ದನ್ನು ಆ ಹದಿನೆಂಟು ಜನವೂ ಮನೆಯಲ್ಲಿ ಓದುತ್ತಾರೆ, ನಗುತ್ತಾರೆ.

ಫೋಟೊ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮಾದಾಪುರ ಕಡೆ ಗುಡ್ಡ ಜರಿದು ಮನೆಗಳು ಹೋದವು. ಪರಿಹಾರ ಕೇಂದ್ರಗಳಲ್ಲಿ ಚಾಪೆ ಮೇಲೆ ಕೂತಿದ್ದ ಮಕ್ಕಳ ಕೈಗೆ ಬಿಸ್ಕತ್ ಪ್ಯಾಕೆಟ್ ಕೊಟ್ಟು, ಮುಖ ಮೇಲೆತ್ತಿಸಿ ಫೋಟೊ ತೆಗೆದವರು ಎಷ್ಟೋ ಮಂದಿ. ಡಿಸೆಂಬರ್ ಚಳಿಗೆ ಆ ಗಾಡಿಗಳು ಕಾಣಲಿಲ್ಲ. ಒಬ್ಬ ಹುಡುಗ, ಆಗ ಒಂಬತ್ತನೇ ಕ್ಲಾಸು, ವರ್ಷಗಳ ನಂತರ ಪಿಯುಸಿಯಲ್ಲಿರುವಾಗ ತನ್ನ ಅಳುವ ಮುಖ ಯಾರದೋ ದೇಣಿಗೆ ಪೋಸ್ಟಿನಲ್ಲಿ ಇನ್ನೂ ಸುತ್ತುತ್ತಿರುವುದನ್ನು ನನಗೆ ತೋರಿಸಿದ. "ಇದು ತೆಗೆಸೋಕೆ ಆಗುತ್ತಾ ಸಾರ್?" ಎಂದು ಕೇಳಿದ. ನಾವಿಬ್ಬರೂ ಕೂತು ದೂರು ಹಾಕಿದೆವು. ಅದು ಹೋಯಿತು, ನಕಲು ಎಷ್ಟಿವೆಯೋ. ಅವತ್ತಿನಿಂದ ನಮ್ಮ ನಿಯಮ ಇಷ್ಟೇ: ಕೆಲಸ ಮಾಡುತ್ತಿರುವ ಕೈಗಳ ಫೋಟೊ, ಹಿಂದಿನಿಂದ ತೆಗೆದ ಗುಂಪಿನ ಫೋಟೊ. ಮುಖ ಬೇಕಿದ್ದರೆ ಅವರನ್ನೂ ಕೇಳಬೇಕು, ಮನೆಯವರನ್ನೂ ಕೇಳಬೇಕು, ಹಾಕುವ ಮೊದಲು ತೋರಿಸಬೇಕು, ಬೇಡ ಅಂದ ದಿನ ತೆಗೆಯಬೇಕು. ಪೋಕ್ಸೊ ಪ್ರಕರಣದ ಮಗುವಿನ ಗುರುತು ಹತ್ತುವ ಯಾವುದನ್ನೂ, ಶಾಲೆಯ ಹೆಸರನ್ನು ಕೂಡ, ಹೊರಗೆ ಬಿಡುವಂತಿಲ್ಲ, ಅದು ಕಾನೂನು.

ಗಾಳಿಸುದ್ದಿ ಎದ್ದರೆ ಅವತ್ತೇ ಉತ್ತರಿಸಿ. "ಹಾಲಿನಲ್ಲಿ ಹುಡುಗ ಹುಡುಗಿಯರನ್ನು ಸೇರಿಸಿ ಎಂತದೋ ನಡೆಸ್ತಾರೆ" ಎಂಬ ಮಾತು ನಮ್ಮ ಮೇಲೂ ಬಂತು. ವಾಟ್ಸ್ಯಾಪ್‌ನಲ್ಲಿ ವಾದಕ್ಕೆ ಇಳಿಯಲಿಲ್ಲ. ಮುಂದಿನ ಶನಿವಾರ ಅಪ್ಪ ಅಮ್ಮಂದಿರನ್ನೇ ಕರೆದು ಕ್ಯಾರಂ ಆಡಿಸಿದೆವು. ಮಾತು ಹುಟ್ಟಿಸಿದವರೂ ಬಂದಿದ್ದರು, ಒಂದು ಬೋರ್ಡ್ ಸೋತು ಹೋದರು.

ಹೆಜ್ಜೆ 8: ಕಾಗದ, ದುಡ್ಡು

ಬೇಗ ಮುಗಿಸುತ್ತೇನೆ. ಯುವಕ ಸಂಘ, ಯುವತಿ ಮಂಡಳಿ ಎಂದು ನೋಂದಣಿ ಮಾಡಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ ಏಳು ಜನ ಬೇಕು. ಒಂದು ವರ್ಷ ಶನಿವಾರ ತಪ್ಪದೆ ನಡೆದ ಮೇಲೆ ನೋಂದಣಿಗೆ ಹೋಗಿ, ಮೊದಲೇ ಬೇಡ. ಲೆಟರ್‌ಹೆಡ್ ಮಾತ್ರ ಉಳಿದ ಸಂಘಗಳು ಜಿಲ್ಲೆಯಲ್ಲಿ ಸಾಕಷ್ಟಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು, 2023ರ ಅಕ್ಟೋಬರ್ 31ರಂದು ಶುರುವಾದ ಮೇರಾ ಯುವ ಭಾರತ್ ವೇದಿಕೆ, ಇವುಗಳ ಪರಿಚಯ ಇಟ್ಟುಕೊಳ್ಳಿ. ಜನವರಿ 12ರ ಯುವ ದಿನಕ್ಕೆ ಎಲ್ಲರಿಗೂ ನಿಮ್ಮ ನೆನಪಾಗುತ್ತದೆ. ಅವರ ಬ್ಯಾನರಿಗೆ ನಿಮ್ಮ ಶನಿವಾರ ಬಿಟ್ಟುಕೊಡಬೇಡಿ, ಬೇರೆ ದಿನ ಕೊಡಿ.

ಖರ್ಚಿನ ಪಟ್ಟಿಯನ್ನು ಹಾಲಿನ ಗೋಡೆಗೆ ಅಂಟಿಸಿ. ಕಾಫಿಪುಡಿ, ಸಕ್ಕರೆ, ಕ್ಯಾರಂ ಪೌಡರ್, ಜೆರಾಕ್ಸ್. ದುಡ್ಡು ಕೊಟ್ಟವರ ಹೆಸರೂ ಇರಲಿ. ಮಕ್ಕಳು ಇದನ್ನು ನಾವು ಕೊಡುವ ಎಲ್ಲ ತರಬೇತಿಗಿಂತ ಗಮನವಿಟ್ಟು ಓದುತ್ತಾರೆ.

ಹೆಜ್ಜೆ 9: ಬಿಟ್ಟು ಹೋಗುವ ದಿನಕ್ಕೆ ಮೊದಲೇ ತಯಾರಿ

ವರ್ಗವಾಗುತ್ತದೆ, ಮದುವೆಯಾಗುತ್ತದೆ, ಯೋಜನೆಯ ದುಡ್ಡು ನಿಲ್ಲುತ್ತದೆ. ಹೋಗುವವರು ಮೂರು ತಿಂಗಳ ಮೊದಲೇ ಗುಂಪಿಗೆ ಹೇಳಬೇಕು. ಕಡೆಯ ವಾರ ಕೇಕ್ ತಂದು ಅಳಿಸುವುದಲ್ಲ. ಆ ಮೂರು ತಿಂಗಳಲ್ಲಿ ಗುಂಪಿನಿಂದಲೇ ಇಬ್ಬರನ್ನು ಆರಿಸಿ: ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರೂ ಹದಿನೆಂಟು ದಾಟಿದವರು. ಮೊದಲ ತಿಂಗಳು ನೀವು ನಡೆಸಿ, ಅವರು ನೋಡಲಿ. ಎರಡನೇ ತಿಂಗಳು ಅವರು ನಡೆಸಲಿ, ನೀವು ಮೂಲೆಯಲ್ಲಿ ಕೂತಿರಿ. ತಪ್ಪಾದರೂ ಬಾಯಿ ಬಿಡಬೇಡಿ, ಮುಗಿದ ಮೇಲೆ ಹೇಳಿ. ಮೂರನೇ ತಿಂಗಳು ಎರಡು ವಾರ ಹೋಗಲೇಬೇಡಿ. ಹಿರಿಯರ ಮನೆಗಳಿಗೆ ಅವರನ್ನು ಕರೆದೊಯ್ದು, "ಇನ್ನು ಇವರು" ಎಂದು ಹೇಳಿ ಬನ್ನಿ. ಬೀಗದೊಳಗಿನ ಆ ಬೇರೆ ಪುಸ್ತಕವನ್ನು ಮಾತ್ರ ಇವರಿಗೆ ಕೊಡಬೇಡಿ, ಸಂಸ್ಥೆಯ ಜವಾಬ್ದಾರರ ಕೈಗೇ ಹೋಗಬೇಕು.

ನಾನು ಆ ಹಾಲ್ ಬಿಟ್ಟು ಈಗ ವಿರಾಜಪೇಟೆ ಕಡೆ ಬಂದಿದ್ದೇನೆ. ಎರಡನೇ ಬೀಗದ ಕೈ ಮೊದಲು ಲೈಬ್ರರಿಯವರ ಹತ್ತಿರ ಇತ್ತು; ನನ್ನದನ್ನು ಕೊಟ್ಟಿದ್ದು ಆವತ್ತು ಗೊಬ್ಬರದ ಚೀಲ ಹೊದ್ದು ಬಂದಿದ್ದ ಹುಡುಗಿಗೆ. ನರ್ಸಿಂಗ್ ಮುಗಿಸಿ ಊರ ಹತ್ತಿರವೇ ಕೆಲಸದಲ್ಲಿದ್ದಾಳೆ, ಶನಿವಾರ ಮಧ್ಯಾಹ್ನ ಡ್ಯೂಟಿ ಹಾಕಿಸಿಕೊಳ್ಳುವುದಿಲ್ಲ. ಹೋದ ಜುಲೈಯಲ್ಲಿ ಇಲ್ಲಿ ಜೋರು ಮಳೆ, ಮೂರೂವರೆಗೆ ನನಗೊಂದು ಫೋಟೊ ಬಂತು. ಹಾಜರಿ ಪುಸ್ತಕದ ಪುಟ. ಮೊದಲ ಸಾಲಿನಲ್ಲಿ ಅವಳ ಸಹಿ, 2.50. ಅದರ ಕೆಳಗೆ ನಾಲ್ಕು ಹೆಸರು, ಒಂದು ಹೆಸರಿನ ಮೇಲೆ ನೀರು ಬಿದ್ದು ಶಾಯಿ ಹರಡಿತ್ತು.